ಡೀಪ್ ಫ್ರೀಜರಲ್ಲಿಟ್ಟ ಮೆಕ್ಕೆಜೋಳ ಹುಟ್ತು, ಒಳಗಿನ ನೀರು ಐಸ್ ಆಗ್ಲಿಲ್ವಾ?

ಜಗಳೂರ್‌ಹೈದ:
ಎಲ್ರಿಗೂ ನಮಸ್ಕಾರ. ದಾವಣಗೆರೇಲಿ ನಮ್ಮ ಮಾವಂದು ಐಸ್‌ಕ್ರೀಮ್ ಅಂಗಡಿ ಐತೆ, ಬೀಜಕ್ಕೆ ಅಂತ ಎತ್ತಿಟ್ಟಿದ್ದ ಮೆಕ್ಕೆಜೋಳಕ್ಕೆ ಹುಳ ಬೀಳಬಾರ್ದು ಅಂತ ಒಂದ್ ಡಬ್ಬಿ ತುಂಬಿ ಅವರ ಡೀಪ್ ಫ್ರೀಜರಲ್ಲಿ ಇಟ್ಟಿದ್ವಿ, ಮೈನಸ್ 18 ತೋರಿಸ್ತಿತ್ತು. ಮೊನ್ನೆ ಬಿತ್ತಿದ್ವಿ, ಚೆನ್ನಾಗೇ ಹುಟ್ಟೈತೆ. ಅದ್ರ ಪಕ್ಕದಲ್ಲೇ ಇಟ್ಟಿದ್ದ ಹಸಿ ತೆನೆ ಮಾತ್ರ ಹೊರಗೆ ತೆಗೆದ್ಮೇಲೆ ಮೆತ್ತಗಾಗಿ, ಕಾಳು ಒತ್ತಿದ್ರೆ ನೀರು ಬಿಡ್ತಿತ್ತು. ಒಣ ಕಾಳಲ್ಲೂ ಮೀಟರ್ ಹಾಕಿದಾಗ 12 ಪರ್ಸೆಂಟ್ ತೇವಾಂಶ ಇತ್ತಲ್ಲ, ಆ ನೀರು ಐಸಾಗಿ ಮೊಳಕೆ ಭಾಗ ಸತ್ತು ಹೋಗ್ಬೇಕಿತ್ತು ಅಲ್ವಾ?

ಬೆಣ್ಣೆದೋಸೆಪ್ರಿಯ:
ಕಾಳಲ್ಲಿ ಸಕ್ಕರೆ, ಉಪ್ಪಿನಂಶ ಇರುತ್ತೆ ಗುರು, ಉಪ್ಪು ನೀರು ಸೊನ್ನೆಗೆ ಗಟ್ಟಿ ಆಗಲ್ಲ, ಸಮುದ್ರದ ನೀರೇ ಮೈನಸ್ 1.9ರ ತನಕ ತಡೆಯುತ್ತೆ. ಬೆಣ್ಣೇಲೂ ಹಂಗೇ, ಒಳಗಿನ ಸಣ್ಣ ಸಣ್ಣ ನೀರಿನ ಹನಿ ಫ್ರೀಜರಲ್ಲೂ ಬೇಗ ಐಸ್ ಆಗಲ್ವಂತೆ.

ಕಾಳುಕಡ್ಡಿ_ಲ್ಯಾಬ್:
ಮೇಲಿನೋರು ಹೇಳಿದ್ದು ಸುಳ್ಳಲ್ಲ, ಆದ್ರೆ ಈ ಕಾಳಿಗೆ ಅದು ಉತ್ತರ ಅಲ್ಲ. ಬೆಣ್ಣೆ ಹನಿ ಕತೆ ಬೇರೆ, ಐಸ್ ಶುರುವಾಗೋಕೆ ಒಂದು ಧೂಳಿನ ಕಣನೋ ಬ್ಯಾಕ್ಟೀರಿಯಾನೋ ಬೇಕು, ಪ್ರತಿ ಸಣ್ಣ ಹನಿಯಲ್ಲೂ ಅದು ಸಿಗಲ್ಲ, ಹಂಗಾಗಿ ಹನಿ ಕಾಯ್ತಾ ಕೂರುತ್ತೆ. ಅಪ್ಪಟ ನೀರಿನ ಸಣ್ಣ ಹನಿ ಹೀಗೆ ಮೈನಸ್ 38ರ ಆಸುಪಾಸಿನ ತನಕ ಕಾಯುತ್ತೆ, ಒಂದು ಚೂರು ಐಸ್ ತಗುಲಿಸಿ ನೋಡಿ, ಆಗಲೇ ಗಟ್ಟಿ ಆಗೋಗುತ್ತೆ. ನಿಮ್ಮ ಕಾಳಿನ ನೀರಿಗೆ ಐಸ್ ತಗುಲಿಸಿದ್ರೂ ಅದು ಐಸ್ ಆಗಲ್ಲ, ವ್ಯತ್ಯಾಸ ಇರೋದೇ ಅಲ್ಲಿ.

ಐಸಲ್ಲಿ ಒಂದೊಂದು ನೀರಿನ ಅಣು ಸುತ್ತ ನಾಲ್ಕು ಅಣು ಲೆಕ್ಕವಾಗಿ ಕೂತಿರ್ಬೇಕು. ಪಿಷ್ಟಕ್ಕೋ ಪ್ರೋಟೀನಿಗೋ ಅಂಟಿಕೊಂಡ ನೀರಿಗೆ ಆ ಜಾಗ ಬಿಟ್ಟು ಹೋಗಿ ಐಸಿಗೆ ಸೇರೋದ್ರಲ್ಲಿ ಲಾಭ ಇಲ್ಲ. 100 ಗ್ರಾಂ ಒಣ ಪಿಷ್ಟ ಇಲ್ಲಾ ಪ್ರೋಟೀನು ಸುಮಾರು 30 ಗ್ರಾಂ ನೀರನ್ನ ಹಿಂಗೆ ಹಿಡ್ಕೊಳ್ಳುತ್ತೆ. ಈಗ ಲೆಕ್ಕ ಹಾಕಿ, 12 ಪರ್ಸೆಂಟ್ ತೇವಾಂಶ ಅಂದ್ರೆ 100 ಗ್ರಾಂ ಕಾಳಲ್ಲಿ 88 ಗ್ರಾಂ ಒಣ ಪದಾರ್ಥ, ಅದು 26 ಗ್ರಾಂ ಹಿಡ್ಕೊಳ್ಳೋ ಶಕ್ತಿ ಇರೋದು, ಅಲ್ಲಿರೋ ನೀರೇ 12 ಗ್ರಾಂ. ಐಸ್ ಆಗೋಕೆ ಬಿಡುವಾದ ನೀರೇ ಇಲ್ಲ. ಹಸಿ ತೆನೇಲಿ 70 ಪರ್ಸೆಂಟ್ ಹತ್ರ ನೀರು, 30 ಗ್ರಾಂ ಒಣ ಪದಾರ್ಥ ಹಿಡಿಯೋದು 9 ಗ್ರಾಂ, ಉಳಿದಿದ್ದರಲ್ಲಿ ಹೆಚ್ಚುಪಾಲು ಐಸಾಗಿ ಜೀವಕೋಶದ ಗೋಡೆ ಪೊರೆ ಎಲ್ಲ ಹಾಳು. ಅದಕ್ಕೇ ನೀರು ಬಿಟ್ಟಿದ್ದು.

ಜಗಳೂರ್‌ಹೈದ:
ಅಂದ್ರೆ ಕಾಳೊಳಗೆ ಮೈನಸ್ 18ರಲ್ಲೂ ನೀರು ನೀರಾಗೇ ಇರುತ್ತೆ ಅಂತೀರಾ ಸಾರ್?

ಕಾಳುಕಡ್ಡಿ_ಲ್ಯಾಬ್:
ಸುರಿಯೋ ನೀರಿನ ಥರ ಅಲ್ಲ. 1969ರಲ್ಲಿ ಕುಂಟ್ಸ್ ಅನ್ನೋರು ಮತ್ತೆ ಜೊತೆಗಾರರು ಪ್ರೋಟೀನ್ ದ್ರಾವಣನ ಐಸ್ ಮಾಡಿ ಎನ್‌ಎಂಆರ್‌ (ಅಯಸ್ಕಾಂತ, ರೇಡಿಯೋ ತರಂಗದಿಂದ ಅಣುಗಳ ಓಡಾಟ ನೋಡೋ ವಿಧಾನ) ಅಲ್ಲಿ ನೋಡಿದ್ರು, ಐಸಿನ ನೀರಿಂದ ಕಾಣೋ ಸಿಗ್ನಲ್ ಬರಲ್ಲ, ಆದ್ರೆ ಪ್ರೋಟೀನಿಗೆ ಅಂಟಿದ ನೀರು ಇನ್ನೂ ಓಡಾಡ್ತಾ ಇರೋದು ಕಾಣಿಸ್ತು. ಮಾಮೂಲಿ ನೀರಿಗಿಂತ ತುಂಬಾ ನಿಧಾನ. ಚಳಿ ಜಾಸ್ತಿ ಆದಂಗೆ ಅದೂ ನಿಂತುಹೋಗಿ ಗಾಜಿನ ಥರ ಆಗುತ್ತೆ, ಹರಳು ಮಾತ್ರ ಕಟ್ಟಲ್ಲ. ಹಂಗಂತ ಪೂರ್ತಿ ನಿದ್ದೆ ಅಂದ್ಕೋಬೇಡಿ, ಫ್ರೀಜರಲ್ಲಿರೋ ಬಟಾಣೀನ ಮೊದ್ಲು ಬಿಸಿನೀರಲ್ಲಿ ಅದ್ದದೆ ಇದ್ರೆ ರುಚಿ ಕೆಡೋದು ಕಿಣ್ವಗಳು ಹಿಂಗೇ ಉಳಿದ ನೀರಲ್ಲಿ ಕೆಲಸ ಮಾಡ್ತಾ ಇರೋದ್ರಿಂದ.

ಹೊಳಲ್ಕೆರೆ_ಪಶುಸೇವೆ:
ನಾನು ಹಸು ಎಮ್ಮೆಗೆ ಕೃತಕ ಗರ್ಭಧಾರಣೆ ಮಾಡೋನು. ನಮ್ಮ ಲಿಕ್ವಿಡ್ ನೈಟ್ರೋಜನ್ ಕಂಟೇನರ್ ಮೈನಸ್ 196, ಅದ್ರಲ್ಲಿ ವೀರ್ಯ ತುಂಬಿದ 0.25 ಮಿಲಿ ಸ್ಟ್ರಾ. ವೀರ್ಯದಲ್ಲಿ ನೀರು ಬೇಕಾದಷ್ಟು ಇರುತ್ತೆ, ಅಂಟಿದ ನೀರೊಂದೇ ಕಾಪಾಡಲ್ಲ, ಅದಕ್ಕೆ ಗ್ಲಿಸರಾಲ್ ಅನ್ನೋ ಮಂದ ದ್ರವ ಹಾಕಿರ್ತಾರೆ, 1949ರಲ್ಲಿ ಇಂಗ್ಲೆಂಡಲ್ಲಿ ಪೋಲ್ಜ್ ಮತ್ತೆ ಜೊತೆಯೋರು ಕೋಳಿ ವೀರ್ಯದ ಮೇಲೆ ಕಂಡ್ಕೊಂಡಿದ್ದು. ಮೊದ್ಲು ಹೊರಗಿನ ನೀರು ಐಸಾಗುತ್ತೆ, ಐಸಿನ ನಡುವೆ ಉಳಿದ ಗ್ಲಿಸರಾಲ್ ಮಿಶ್ರಣ ದಪ್ಪ ಆಗ್ತಾ ಕೊನೆಗೆ ಗಾಜಾಗುತ್ತೆ, ವೀರ್ಯಾಣು ಆ ಸಂದೀಲಿ ಬದುಕ್ಕೊಂಡಿರುತ್ತೆ. ನಂಬರ್ ಹುಡುಕ್ತಾ ಸ್ಟ್ರಾನ ಕಂಟೇನರ್ ಕತ್ತಿನ ಮೇಲಕ್ಕೆ ಎತ್ತಿ ಹಿಡ್ಕೊಂಡ್ರೆ ಮುಗೀತು, ಸ್ವಲ್ಪ ಬಿಸಿ ಆಗಿದ್ದಕ್ಕೇ ಸಣ್ಣ ಐಸ್ ಹರಳು ಸೇರಿ ದೊಡ್ಡದಾಗ್ತವೆ. ನೋಡೋಕೆ ಸ್ಟ್ರಾ ಹಂಗೇ ಇರುತ್ತೆ, ಹಸು ಮಾತ್ರ ಗಬ್ಬ ಕಟ್ಟಲ್ಲ, ಆಮೇಲೆ ಬೈಗಳ ನಮಗೆ.

ಬೆಣ್ಣೆದೋಸೆಪ್ರಿಯ:
ಹಂಗಾದ್ರೆ ಮಂಡಿಗೆ ತರೋ 14 ಪರ್ಸೆಂಟ್ ಮಾಲನ್ನೂ ಫ್ರೀಜರಲ್ಲಿ ಇಡಬೋದಾ?

ಕಾಳುಕಡ್ಡಿ_ಲ್ಯಾಬ್:
ಐಸಿನ ಭಯ ಇಲ್ಲ, ತೊಂದ್ರೆ ಶುರುವಾಗೋದು 20 ದಾಟಿದ ಮೇಲೆ. ಆದ್ರೂ ಬೀಜಕ್ಕೆ ಅಂದ್ರೆ ಇನ್ನೂ ಒಣಗಿಸೋದೇ ವಾಸಿ, 2008ರಲ್ಲಿ ಶುರುವಾದ ನಾರ್ವೆಯ ಸ್ವಾಲ್ಬಾರ್ಡ್ ಬೀಜ ಭಂಡಾರದಲ್ಲೂ ಚೆನ್ನಾಗಿ ಒಣಗಿಸಿದ ಬೀಜನ ಮೈನಸ್ 18ರಲ್ಲೇ ಇಡೋದು. ಡಬ್ಬಿ ಹೊರಗೆ ತೆಗೆದ ತಕ್ಷಣ ಮುಚ್ಚಳ ಬಿಚ್ಚಬೇಡಿ ಅಷ್ಟೇ, ತಣ್ಣಗಿರೋ ಕಾಳಿನ ಮೇಲೆ ಗಾಳಿಯ ತೇವ ಕೂತ್ಕೊಳ್ಳುತ್ತೆ. ರಾತ್ರಿ ಪೂರ್ತಿ ಹೊರಗಿಟ್ಟು ಬೆಳಿಗ್ಗೆ ಬಿಚ್ಚಿ.