ರಾಯಚೂರಿನ ಮೇಲ್ಮಹಡಿ ಕೋಣೆ: ಎನರ್ಜಿಪ್ಲಸ್‌ನಲ್ಲಿ ರಾತ್ರಿ ತಂಪು, ನಿಜದಲ್ಲಿ ಬೇಗೆ

ರಾಯಚೂರು_ವಿನ್ಯಾಸ:
ತಲೆ ಕೆಟ್ಟುಹೋಗಿದೆ. ಒಂದು ಮನೆಯ ಮಲಗುವ ಕೋಣೆಯ ಮಾದರಿಯನ್ನು ಎನರ್ಜಿಪ್ಲಸ್‌ನಲ್ಲಿ, ಅಂದರೆ ಕಟ್ಟಡದ ಶಾಖದ ಲೆಕ್ಕ ಹಾಕುವ ತಂತ್ರಾಂಶದಲ್ಲಿ, ಕಟ್ಟಿದ್ದೇನೆ. ಎಸಿ ಇಲ್ಲ, ಕಿಟಕಿಯ ಗಾಳಿಯೇ ಗತಿ. ಮೇ ತಿಂಗಳ ರಾತ್ರಿ 11 ಗಂಟೆಗೆ ತಂತ್ರಾಂಶ 31 ಡಿಗ್ರಿ ಎನ್ನುತ್ತದೆ, ಕೋಣೆಯಲ್ಲಿಟ್ಟ ಲಾಗರ್, ಅಂದರೆ ಉಷ್ಣಾಂಶ ದಾಖಲಿಸುವ ಸಾಧನ, 36 ಎನ್ನುತ್ತದೆ. ಚಾವಣಿಗೆ ಏನು ಮಾಡಿಸಬೇಕೆಂದು ಮನೆಯವರು ಕೇಳುತ್ತಿದ್ದಾರೆ. ಈ ಮಾದರಿಯನ್ನು ನಂಬಿದರೆ ‘ಏನೂ ಬೇಡ’ ಎನ್ನಬೇಕಾಗುತ್ತದೆ, ಆದರೆ ಅವರು ಅಲ್ಲಿ ಮಲಗಲಾರದೆ ಬಿಸಿಲುಮಚ್ಚಿಗೆ ಹಾಸಿಗೆ ಹೊತ್ತೊಯ್ಯುತ್ತಿದ್ದಾರೆ. ಉಳಿದೆಲ್ಲ ಸರಿಯಾಗಿದೆ. ಏನು ನೋಡಲಿ?

ಕೋಟೆಗಲ್ಲು_ಬಳ್ಳಾರಿ:
ಹವಾಮಾನ ಕಡತ ಯಾವುದು? ನಮ್ಮ ಕಡೆಯವರೆಲ್ಲ ಹೈದರಾಬಾದಿನ ಇಪಿಡಬ್ಲ್ಯೂ (ತಂತ್ರಾಂಶ ಓದುವ ಹವಾಮಾನ ಕಡತ) ಹಾಕಿ ಕೈ ತೊಳೆದುಕೊಳ್ಳುತ್ತಾರೆ. ತೊಂದರೆ ಅಲ್ಲೇ ಇದೆ.

ಶಾಖಲೆಕ್ಕ:
ಹೈದರಾಬಾದ್ ಸಮುದ್ರ ಮಟ್ಟದಿಂದ 500 ಮೀಟರಿಗಿಂತ ಮೇಲಿದೆ, ರಾಯಚೂರು 400ರ ಆಸುಪಾಸಿನಲ್ಲಿದೆ. ಆ ಎತ್ತರದಿಂದ ಹೆಚ್ಚೆಂದರೆ ಒಂದು ಡಿಗ್ರಿ ವ್ಯತ್ಯಾಸ ಬಂದೀತು. ಐದು ಡಿಗ್ರಿ ಎಲ್ಲಿಂದ ಬರುತ್ತದೆ? ದೋಷಗಳ ಕಡತವನ್ನು, ಅಂದರೆ ಡಾಟ್ ಇಆರ್‌ಆರ್ ಕಡತವನ್ನು, ಇಲ್ಲಿ ಹಾಕಿ.

ಕೋಟೆಗಲ್ಲು_ಬಳ್ಳಾರಿ:
ಎತ್ತರವೊಂದೇ ಅಲ್ಲ. ಇಲ್ಲಿನ ಬಂಡೆಗಲ್ಲು ರಾತ್ರಿಯೆಲ್ಲ ಕಾವು ಬಿಡುತ್ತದೆ, ವಿಮಾನ ನಿಲ್ದಾಣದ ಬಯಲಿನ ಅಳತೆಯಲ್ಲಿ ಅದು ಬರುವುದಿಲ್ಲ. ಮೊದಲು ಕಡತ ಬದಲಿಸಿ, ಆಮೇಲೆ ಮಾತು.

ರಾಯಚೂರು_ವಿನ್ಯಾಸ:
ಲಾಗರ್ ಇಟ್ಟ ದಿನಗಳಲ್ಲಿ ಹೊರಗೆ ಅಳೆದ ಉಷ್ಣಾಂಶವನ್ನೇ ಕಡತಕ್ಕೆ ತುಂಬಿದ್ದೇನೆ. ಅದು ಎಲ್ಲರೂ ಮಾಡುವ ಕೆಲಸವೆಂದು ಬರೆದಿರಲಿಲ್ಲ. ಪಿಎಂವಿ, ಅಂದರೆ ಜನರಿಗೆ ಎಷ್ಟು ಸೆಕೆ ಅಥವಾ ಚಳಿ ಎನಿಸುತ್ತದೆಂದು ಹೇಳುವ ಅಂಕಿ, ಕೂಡ ಹಗಲಿನಲ್ಲಿ 3 ದಾಟುತ್ತಿದೆ, ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಗಾಳಿಮನೆ:
ಪಿಎಂವಿಯನ್ನು ಇಲ್ಲಿಗೆ ತರಲೇಬೇಡಿ. ಐಎಸ್‌ಒ 7730 ಮಾನದಂಡದ ಪ್ರಕಾರ ಅದು 30 ಡಿಗ್ರಿ ಗಾಳಿಯವರೆಗೆ, +2ರವರೆಗೆ ಮಾತ್ರ ನಂಬಲರ್ಹ. ಕಿಟಕಿ ತೆರೆದ ಮನೆಗೆ ಹಿತವಾದ ಉಷ್ಣಾಂಶ ಹೇಳುವ ನಮ್ಮ ದೇಶದ ಐಮ್ಯಾಕ್ ಸೂತ್ರ ಇದೆ: ಹೊರಗಿನ ಸರಾಸರಿಯನ್ನು 0.54ರಿಂದ ಗುಣಿಸಿ 12.83 ಕೂಡಿಸಿ. ಸರಾಸರಿ 31 ಇದ್ದರೆ 29.6 ಬರುತ್ತದೆ, ಅದರ ಮೇಲೆ 2.38 ಡಿಗ್ರಿಯವರೆಗೆ ಶೇ. 90 ಜನ ಒಪ್ಪುತ್ತಾರೆ.

ಶಾಖಲೆಕ್ಕ:
ರಾಯಚೂರಿನ ಮೇ ತಿಂಗಳ ಸರಾಸರಿ 31ರಲ್ಲಿ ನಿಲ್ಲುವುದಿಲ್ಲ. ಅಮೆರಿಕದ ಮಾನದಂಡವಾದ ಆಶ್ರೇ 55ರ ಹೊಂದಾಣಿಕೆ ಮಾದರಿಯೇ ಹೊರಗಿನ ಸರಾಸರಿ 33.5ರವರೆಗೆ ಮಾತ್ರ, ನಮ್ಮೂರು ಅದರ ಅಂಚಿನಲ್ಲಿ ನಿಂತಿದೆ. ಫ್ಯಾನಿನ ಲೆಕ್ಕವನ್ನೂ ಬಿಟ್ಟಿರಿ, ಸೆಕೆಂಡಿಗೆ 1.2 ಮೀಟರ್ ಗಾಳಿ ಸಿಕ್ಕರೆ ಆಶ್ರೇ ಮೇಲಿನ ಮಿತಿಯನ್ನು 2.2 ಡಿಗ್ರಿ ಏರಿಸುತ್ತದೆ.

ಗಾಳಿಮನೆ:
ಬಿಸಿ ಗಾಳಿಯನ್ನೇ ತಿರುಗಿಸುವ ಫ್ಯಾನಿನ ಕೆಳಗೆ ಒಂದು ರಾತ್ರಿ ಮಲಗಿ ನೋಡಿ, ಆಮೇಲೆ ಆ 2.2 ಬರೆಯಿರಿ.

ಕೋಟೆಗಲ್ಲು_ಬಳ್ಳಾರಿ:
ಲಾಗರ್ ಯಾವುದು? ಬರೀ ಗಾಳಿ ಅಳೆಯುವುದು ಸಾಲದು. ನಾನು 40 ಮಿಲಿಮೀಟರ್ ಟೇಬಲ್ ಟೆನಿಸ್ ಚೆಂಡಿಗೆ ಕಪ್ಪು ಬಣ್ಣ ಬಳಿದು ಒಳಗೆ ಸಂವೇದಕ ಕೂರಿಸಿದ್ದೇನೆ, ಚಾವಣಿಯ ವಿಕಿರಣ ಸ್ಪಷ್ಟವಾಗಿ ಸಿಗುತ್ತದೆ.

ಶಾಖಲೆಕ್ಕ:
ಚೆಂಡು ಇರಲಿ. ಕೋಣೆಯ ಗರಿಷ್ಠ ಉಷ್ಣಾಂಶ ಎಷ್ಟು ಗಂಟೆಗೆ ಬರುತ್ತದೆ, ಮಾದರಿಯಲ್ಲಿ ಮತ್ತು ಲಾಗರ್‌ನಲ್ಲಿ? ಚಾವಣಿಯ ವಸ್ತುವನ್ನು ಹೇಗೆ ಬರೆದಿದ್ದೀರಿ?

ರಾಯಚೂರು_ವಿನ್ಯಾಸ:
ಮಾದರಿಯಲ್ಲಿ ಮಧ್ಯಾಹ್ನ 3, ಲಾಗರ್‌ನಲ್ಲಿ ಸಂಜೆ 7. ಚಾವಣಿ ಸಾಮಾನ್ಯ ಆರ್‌ಸಿಸಿ. ವಸ್ತುಗಳ ಪಟ್ಟಿ ಹಳೆಯ ಯೋಜನೆಯೊಂದರಿಂದ ಬಂದದ್ದು, ಅದರಲ್ಲಿ ‘ಮೆಟೀರಿಯಲ್ ನೋಮಾಸ್’ ಎಂದಿದೆ.

ಶಾಖಲೆಕ್ಕ:
ಸಿಕ್ಕಿತು. ನೋಮಾಸ್ ಎಂದರೆ ಶಾಖ ತಡೆಯುವ ಗುಣ ಮಾತ್ರ. ದಪ್ಪ, ಸಾಂದ್ರತೆ, ಉಷ್ಣಧಾರಣೆ ಯಾವುದೂ ಅದರಲ್ಲಿಲ್ಲ. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟ್ ಆ ಕಾವನ್ನು ಮೂರ್ನಾಲ್ಕು ಗಂಟೆ ತಡವಾಗಿ ಕೆಳಗೆ ಬಿಡುತ್ತದೆ, ನಿಮ್ಮ ಎರಡು ಗರಿಷ್ಠಗಳ ನಡುವಿನ ಅಂತರವೂ ಅಷ್ಟೇ. ನಿಮ್ಮ ಮಾದರಿಯ ಚಾವಣಿ ಸೂರ್ಯ ಮುಳುಗಿದ ತಕ್ಷಣ ಎಲ್ಲವನ್ನೂ ಮರೆಯುತ್ತದೆ. 125 ಮಿಲಿಮೀಟರ್ ಕಾಂಕ್ರೀಟನ್ನು ಪೂರ್ಣ ವಿವರಗಳೊಂದಿಗೆ ಬರೆಯಿರಿ, ಮೇಲಿನ ಗಾರೆಯನ್ನೂ ಸೇರಿಸಿ. ರಾತ್ರಿ ಕಿಟಕಿ ತೆರೆದೇ ಇರುತ್ತದೆಯೇ?

ರಾಯಚೂರು_ವಿನ್ಯಾಸ:
ಸೊಳ್ಳೆ ಕಾಟಕ್ಕೆ ಕತ್ತಲಾಗುತ್ತಲೇ ಮುಚ್ಚುತ್ತಾರೆ. ಮಾದರಿಯ ವೇಳಾಪಟ್ಟಿಯಲ್ಲಿ ಇಡೀ ದಿನ ತೆರೆದಿದೆ. ಚಾವಣಿ ಬದಲಿಸಿ ಓಡಿಸಿದೆ: ರಾತ್ರಿ 11ಕ್ಕೆ ಈಗ 34, ಗರಿಷ್ಠ ಸಂಜೆ 6ರ ನಂತರ. ಕಿಟಕಿಯನ್ನೂ ಸರಿಪಡಿಸಿ ನೋಡುತ್ತೇನೆ.

ಕೋಟೆಗಲ್ಲು_ಬಳ್ಳಾರಿ:
ಉಳಿದ ಎರಡು ಡಿಗ್ರಿ ಹವಾಮಾನ ಕಡತದ್ದೇ. ಬಿಸಿಲಿನ ವಿಕಿರಣವನ್ನು ನೀವು ಅಳೆದಿಲ್ಲ, ಹಳೆಯ ಕಡತದ್ದನ್ನೇ ಬಿಟ್ಟಿದ್ದೀರಿ.

ಕೊಪ್ಪಳ_ಮಾಳಿಗೆ:
ನಡುವೆ ಬರುತ್ತಿದ್ದೇನೆ. ನಮ್ಮದು ತೊಲೆ, ಜಂತಿ, ಮೇಲೆ ಒಂದು ಅಡಿ ಮಣ್ಣಿನ ಹಳೆಯ ಮಾಳಿಗೆ. ಕಾಂಕ್ರೀಟಿಗೆ ಕೈಪಿಡಿಯ ಅಂಕಿಗಳಿವೆ, ಮಣ್ಣಿಗೆ ಯಾವುದನ್ನು ಹಾಕಲಿ? ಮೇಲೆ ಸುಣ್ಣ ಬಳಿದರೆ ಎಷ್ಟು ಇಳಿಯುತ್ತದೆಂದು ಮನೆಯ ಹಿರಿಯರಿಗೆ ತೋರಿಸಬೇಕು, ಇಲ್ಲದಿದ್ದರೆ ಮಳೆಗಾಲಕ್ಕೆ ಮುಂಚೆ ಕೆಡವಿ ಸ್ಲ್ಯಾಬ್ ಹಾಕಿಸುತ್ತಾರೆ.

ಶಾಖಲೆಕ್ಕ:
ಕೆಡವಲು ಬಿಡಬೇಡಿ. ಒಣ ಮಣ್ಣಿಗೂ ಹಸಿ ಮಣ್ಣಿಗೂ ಶಾಖವಾಹಕತೆ ಬಹಳ ಬೇರೆ, ಬೇಸಿಗೆಯ ಲೆಕ್ಕಕ್ಕೆ ಒಣದ್ದು ಬೇಕು. ಅಳತೆ ಗೊತ್ತಿರುವ ಡಬ್ಬಿಗೆ ಮಾಳಿಗೆಯಲ್ಲಿರುವಷ್ಟೇ ಬಿಗಿಯಾಗಿ ಮಣ್ಣು ತುಂಬಿ ತೂಗಿ, ಸಾಂದ್ರತೆ ಬರೆದು ಹೊಸ ಚರ್ಚೆ ತೆರೆಯಿರಿ. ಸುಣ್ಣಕ್ಕೆ ಹೊರಪದರದ ಸೌರ ಹೀರಿಕೆಯ ಅಂಕಿಯನ್ನು ಇಳಿಸಿದರೆ ಸಾಕು, ಮಣ್ಣನ್ನು ಮುಟ್ಟಬೇಕಿಲ್ಲ.