ಪದಚರ್ಚೆ: ಕ್ಯಾರಿ ಫ್ಲ್ಯಾಗ್‌ಗೆ ‘ಕೈ’ ಎನ್ನಬಹುದೇ?

ಗಂಗಾವತಿಯಲ್ಲಿ ನಾವು ಕೆಲವರು ಸೇರಿ ಬ್ರೆಡ್‌ಬೋರ್ಡ್ ಮೇಲೆ 8085 ಎಂಬ ಹಳೆಯ ಎಂಟು ಬಿಟ್‌ನ ಪ್ರೊಸೆಸರ್ ಚಿಪ್ ಕೂರಿಸಿ ಕಂಪ್ಯೂಟರ್ ಕಟ್ಟಿಕೊಂಡಿದ್ದೇವೆ. ಆದೇಶಗಳನ್ನು ತಾನೇ ಸಂಕೇತಕ್ಕೆ ಬದಲಿಸುವ ಅಸೆಂಬ್ಲರ್ ಇಲ್ಲ. ಪ್ರೋಗ್ರಾಮನ್ನು ಹಾಳೆಯ ಮೇಲೆ ಬರೆದು, ಪಟ್ಟಿ ನೋಡಿ ಒಂದೊಂದು ಆದೇಶದ ಸಂಕೇತ ಹುಡುಕಿ, ಸ್ವಿಚ್ ಒತ್ತಿ ಮೆಮೊರಿಗೆ ತುಂಬುತ್ತೇವೆ. ಕಲಿಯಲು ಬರುವವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದವರು. ರಿಜಿಸ್ಟರ್, ಬಿಟ್, ಬೈಟ್ ಹಾಗೇ ಇರಲಿ, ಅವು ಯಾರಿಗೂ ತೊಡಕಾಗಿಲ್ಲ. ತೊಡಕಿರುವುದು ‘ಕ್ಯಾರಿ’ಯಲ್ಲಿ, ಅಂದರೆ ಕೂಡಿಸುವಾಗ ಮುಂದಿನ ಮನೆಗೆ ದಾಟುವ ಅಂಕೆಯಲ್ಲಿ.

ಮೊದಲ ಪಾಠದ ಪ್ರೋಗ್ರಾಂ, ಹದಿನಾರರ ಎಣಿಕೆಯ (ಹೆಕ್ಸ್) ಸಂಕೇತಗಳಲ್ಲಿ, ಇಷ್ಟೇ: 3ಇ ಸಿ8, ಸಿ6 64, ಡಿ3 01, 76. ಎ ರಿಜಿಸ್ಟರಿಗೆ 200 ಹಾಕು, 100 ಕೂಡು, ಉತ್ತರವನ್ನು ದೀಪಗಳಿಗೆ ಕಳಿಸು, ನಿಲ್ಲು. ಎಂಟು ಎಲ್‌ಇಡಿಗಳಲ್ಲಿ ಮೂರು ಹೊತ್ತಿ 44 ಅನ್ನುತ್ತವೆ, ಎಂಟು ಬಿಟ್‌ಗಳಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯುವುದಿಲ್ಲ. “ಉಳಿದ 256 ಎಲ್ಲಿಗ್ ಹೋತ್ರಿ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದು ಕ್ಯಾರಿ ಫ್ಲ್ಯಾಗ್‌ನಲ್ಲಿ 1 ಆಗಿ ಕೂತಿದೆ. ಫ್ಲ್ಯಾಗ್ ಎಂದರೆ ಲೆಕ್ಕದಲ್ಲಿ ಏನಾಯಿತೆಂದು ನೆನಪಿಡುವ ಒಂದು ಬಿಟ್. ಇದನ್ನು ಕನ್ನಡದಲ್ಲಿ ಹೇಗೆ ಹೇಳುವುದು?

ಶಾಲೆಯ ಗಣಿತದಲ್ಲಿ ‘ದಶಕ’ ಇದೆ, ದಶಕಸಹಿತ ಸಂಕಲನ ಎಲ್ಲರಿಗೂ ಗೊತ್ತು. ಆದರೆ ಇಲ್ಲಿ ಹತ್ತರ ಗುಂಪೇ ಇಲ್ಲ, ಆ ಹೆಸರು ದಾರಿ ತಪ್ಪಿಸುತ್ತದೆ. ಇನ್ನು ‘ಒಯ್ಯು’ ಎಂದರೆ ಕೂಡಿಸುವ ಲೆಕ್ಕ ಯಾರಿಗೂ ನೆನಪಾಗದು.

ಕಷ್ಟ ಇಷ್ಟಕ್ಕೇ ಮುಗಿಯುವುದಿಲ್ಲ. 100ರಲ್ಲಿ 200 ಕಳೆಯಲು ಹೇಳಿದರೆ ದೀಪಗಳು 156 ತೋರಿಸುತ್ತವೆ, ಮತ್ತೆ ಅದೇ ಫ್ಲ್ಯಾಗ್ 1 ಆಗುತ್ತದೆ. ಈ ಸಲ ಅದರ ಅರ್ಥ ಪಕ್ಕದ ಮನೆಯಿಂದ ಕಡ ತಂದಿದ್ದೇವೆ ಎಂದು. ಒಂದೇ ಬಿಟ್, ಎರಡು ಕೆಲಸ.

ನಮ್ಮ ಕಡೆ ಕೂಡಿಸುವಾಗ ‘ಕೈಯಾಗ ಒಂದು’ ಅನ್ನುತ್ತೇವೆ. ಬಡ್ಡಿ, ಪತ್ರ ಎರಡೂ ಇಲ್ಲದೆ ತಂದ ಹಣ ‘ಕೈಗಡ’. ಎರಡರಲ್ಲೂ ಇರುವುದು ಕೈ. ಹಾಗಾಗಿ ‘ಕೈ ಬಿಟ್’ ಅಥವಾ ಬರೀ ‘ಕೈ’ ಎಂದು ಕರೆಯುವುದೇ ಸರಿ ಎಂದು ನನಗೆ ಬಲವಾಗಿ ಅನ್ನಿಸಿದೆ. ಬಿಟ್‌ಗಳನ್ನೆಲ್ಲ ಒಂದು ಮನೆ ಸರಿಸುವ ರೊಟೇಟ್ ಆದೇಶದಲ್ಲಿ ತುದಿಯ ಬಿಟ್ ಹೊರಬಿದ್ದಾಗಲೂ ‘ಕೈಗೆ ಬಂತು’ ಎಂದರೆ ಸಲೀಸು. ಫ್ಲ್ಯಾಗ್ ನೋಡಿ ಪ್ರೋಗ್ರಾಮಿನ ಬೇರೆ ಜಾಗಕ್ಕೆ ಹೋಗುವ ಆದೇಶಗಳಲ್ಲಿ ಜೆಸಿ ಎಂದರೆ ‘ಕೈಯಲ್ಲಿದ್ದರೆ ಜಿಗಿ’, ಜೆಎನ್‌ಸಿ ಎಂದರೆ ‘ಕೈ ಖಾಲಿ ಇದ್ದರೆ ಜಿಗಿ’.

6502 ಎಂಬ ಇನ್ನೊಂದು ಹಳೆಯ ಪ್ರೊಸೆಸರ್ ಚಿಪ್‌ನಲ್ಲಿ ಕಳೆಯುವಿಕೆ ತಿರುಗುಮುರುಗು: ಕಳೆಯುವ ಮುಂಚೆ ಕ್ಯಾರಿಯನ್ನು ನಾವೇ 1 ಮಾಡಬೇಕು, ಕಡ ಬೇಕಾದರೆ ಅದು 0 ಆಗುತ್ತದೆ. ಅಲ್ಲಿಗೆ ಈ ಪದ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಕೈಯಲ್ಲಿ ಒಂದು ಇಟ್ಟುಕೊಂಡು ಹೊರಟೆವು, ಖರ್ಚಾಯಿತು, ಕೈ ಖಾಲಿ.

ಒಪ್ಪದ ಜಾಗ ಒಂದಿದೆ, ನಮ್ಮ 8085ರಲ್ಲಿ ಎ ರಿಜಿಸ್ಟರನ್ನು ಒಂದು ಸಂಖ್ಯೆಯ ಜೊತೆ ಹೋಲಿಸುವ ಸಿಪಿಐ ಎಂಬ ಆದೇಶ. ಎ ಚಿಕ್ಕದಿದ್ದರೆ ಫ್ಲ್ಯಾಗ್ 1. ಒಳಗೆ ನಡೆಯುವುದು ಕಳೆಯುವಿಕೆಯೇ, ಆದರೆ ಉತ್ತರ ಎಲ್ಲೂ ಉಳಿಯುವುದಿಲ್ಲ. ಏನೂ ತರದೆ ಇದ್ದಾಗ ಕೈಗಡ ಅನ್ನುವುದು ಹೇಗೆ? ‘ಕೈ ಸಾಲದು’ ಎನ್ನಬಹುದೇ?

ಬಲ್ಲವರಲ್ಲಿ ಕೇಳುವುದು ಎರಡು ಮಾತು. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಉರ್ದುವಿನಲ್ಲಿ ಲೆಕ್ಕ ಕಲಿತ ಹಿರಿಯರು ಕನ್ನಡ ಮಾತಾಡುವಾಗಲೂ ಕ್ಯಾರಿಗೆ ಉರ್ದುವಿನ ‘ಹಾಸಿಲ್’ ಅನ್ನುತ್ತಿದ್ದರೇ? ಬಳ್ಳಾರಿ 1953ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು, ಅಲ್ಲಿನ ಶಾಲೆಗಳಲ್ಲಿ ಬೇರೆ ಮಾತಿತ್ತೇ? ಅಂಗಡಿಯ ಲೆಕ್ಕ, ಗಿರಣಿಯ ಲೆಕ್ಕದಲ್ಲಿ ಕೇಳಿದ ಪದವಾದರೂ ಸರಿ, ವಾಕ್ಯದ ಸಮೇತ ತಿಳಿಸಿ.