‘ಸೌಜನ್ಯ ಪ್ರಮೇಹ ಪರಿಶೋಧನೆ’: ಬೋರ್ಡಿಗೆ ಕನ್ನಡ ಬೇಕು, ಇವತ್ತೇ

ಬದಿಯಡ್ಕದಿಂದ:
ತುಂಬಾ ಅರ್ಜೆಂಟ್. ಆದಿತ್ಯವಾರ ನಮ್ಮೂರ ಶಾಲೆಯಲ್ಲಿ ಶುಗರ್ ಟೆಸ್ಟಿನ ಶಿಬಿರ ಉಂಟು. ನಮ್ಮದು ಕೇರಳದ ಗಡಿನಾಡು ಕಾಸರಗೋಡು, ಹಾಗಾಗಿ ಬೋರ್ಡು ಮಲಯಾಳ, ಕನ್ನಡ ಎರಡು ಭಾಷೆಯಲ್ಲಿ ಬೇಕು. ಮಲಯಾಳದ್ದು ಬರೆದಾಗಿದೆ. ಅದನ್ನೇ ಯಾರೋ ಕನ್ನಡ ಲಿಪಿಗೆ ಇಳಿಸಿ ಪೈಂಟರಿಗೆ ಕೊಟ್ಟಿದ್ದಾರೆ: ‘ಸೌಜನ್ಯ ಪ್ರಮೇಹ ಪರಿಶೋಧನೆ’. ನಾನು ಹೋಗುವಾಗ ‘ಸೌಜನ್ಯ’ ಬರೆದು ಮುಗಿದಿತ್ತು, ‘ಪ್ರ’ದ ಒತ್ತು ಎಳೆಯುತ್ತಿದ್ದರು. ಕೈ ಹಿಡಿದು ನಿಲ್ಲಿಸಿದೆ.

ತಲೆಬರಹ ಒಂದು ಹೇಳಿ. ಮತ್ತೆ ‘ವೆರುಂ ವಯಟ್ಟಿಲ್’ (ಏನೂ ತಿನ್ನದೆ) ಅನ್ನುವುದಕ್ಕೆ ಕನ್ನಡ ಬೇಕು. ಮೂರು ತಿಂಗಳ ಸಕ್ಕರೆ ಲೆಕ್ಕ ಹೇಳುವ ಆ ಟೆಸ್ಟಿಗೆ, ಎಚ್‌ಬಿಎ1ಸಿಗೆ, ಏನಾದರೂ ಹೆಸರು ಉಂಟಾ? ಜನರಿಗೆ ಹಂಚುವ ಚೀಟಿಯಲ್ಲಿ ‘ಅನ್ನಜಂ’ ಅಂತ ಇದೆ. ಅದಕ್ಕೆ ಕಾರ್ಬೋಹೈಡ್ರೇಟ್ ಅನ್ನಬೇಕೋ ಶರ್ಕರಪಿಷ್ಟ ಅನ್ನಬೇಕೋ?

ಕುಂಬಳೆಯಿಂದ:
ಕೈ ಹಿಡಿದದ್ದು ಪುಣ್ಯದ ಕೆಲಸ. ಮಲಯಾಳದಲ್ಲಿ ಸೌಜನ್ಯ ಅಂದರೆ ಬಿಟ್ಟಿ, ನಮ್ಮಲ್ಲಿ ಒಳ್ಳೆಯ ನಡತೆ. ಅವರು ಪರಿಶೋಧನೆ ಮಾಡುವುದು ರೋಗಿಯನ್ನು, ನಾವು ಲೆಕ್ಕಪತ್ರವನ್ನು. ಪ್ರಮೇಹ ಅವರಿಗೆ ಸಕ್ಕರೆ ಕಾಯಿಲೆ. ನಮ್ಮ ಹಳಬರ ಕಿವಿಗೆ ಮೇಹ ಅಂದರೆ ನಾಲ್ಕು ಜನರೆದುರು ಹೇಳಬಾರದ ಜಾಗದ ರೋಗ. ಒಟ್ಟು ಸೇರಿಸಿ ಓದಿ: ವಿನಯದಿಂದ ಗುಹ್ಯರೋಗದ ಆಡಿಟ್ ಮಾಡುತ್ತೇವೆ. ಒಬ್ಬರೂ ಬರುವುದಿಲ್ಲ.

‘ಉಚಿತ ಮಧುಮೇಹ ತಪಾಸಣೆ’ ಬರೆದು ಮಲಗಿ. ಮಲಯಾಳದವರಿಗೆ ಉಚಿತ ಅಂದರೆ ತಕ್ಕದ್ದು. ತಕ್ಕ ತಪಾಸಣೆ ಅಂದುಕೊಳ್ಳಲಿ, ನಷ್ಟ ಇಲ್ಲ.

ಪೆರ್ಲದಿಂದ:
ಪ್ರಮೇಹ ತೆಗೆದು ಮಧುಮೇಹ ಇಟ್ಟರೆ ಏನು ಲಾಭ? ಎರಡೂ ಸಂಸ್ಕೃತ, ಎರಡರಲ್ಲೂ ಅದೇ ಮೇಹ, ಅಂದರೆ ಉಚ್ಚೆ. ಮೋಡಕ್ಕೆ ಹೇಳುವ ಮೇಘವೂ ಅದೇ ಧಾತುವಿನ ಕೂಸು ಅಂತ ಹಳೆಯ ಸಂಸ್ಕೃತ ವೈಯಾಕರಣರ ಮಾತು. ಈಗ ಉಚ್ಚೆಯ ಸಿಹಿ ನೋಡಿ ಯಾರು ಕಾಯಿಲೆ ಹೇಳುತ್ತಾರೆ? ಬೆರಳು ಚುಚ್ಚಿ ನೆತ್ತರು ನೋಡುತ್ತಾರೆ. ಕಾಯಿಲೆಗೆ ‘ಸಿಹಿಬೇನೆ’, ಟೆಸ್ಟಿಗೆ ‘ನೆತ್ತರೊರೆ’. ನಮ್ಮ ಬೇರಿನಿಂದಲೇ ಪದ ಹುಟ್ಟಿಸಬಹುದು, ಧೈರ್ಯ ಬೇಕು ಅಷ್ಟೆ.

ಕುಂಬಳೆಯಿಂದ:
ಬೇನೆ ಎಂಬುದು ಸಂಸ್ಕೃತದ ವೇದನೆಯ ತದ್ಭವ. ಆಯಿತಾ?

ಮತ್ತೆ ನಮ್ಮ ಕಡೆ ಬೇನೆ ಅಂದರೆ ನೋವು. ಈ ಕಾಯಿಲೆ ವರ್ಷಗಟ್ಟಲೆ ನೋಯುವುದೇ ಇಲ್ಲ, ಅದರ ಕಷ್ಟವೇ ಅದು. ‘ನೆತ್ತರೊರೆ’ ಕೇಳಿದರೆ ಯಕ್ಷಗಾನದ ರಾಕ್ಷಸನ ಹೆಸರಿನ ಹಾಗಿದೆ.

ನೀರ್ಚಾಲಿನಿಂದ:
ಇಬ್ಬರೂ ಮುಖ್ಯವಾದದ್ದನ್ನು ಬಿಟ್ಟಿರಿ. ‘ವೆರುಂ ವಯರ್’ ಎಷ್ಟು ಚಂದದ ಜೋಡಿ ನೋಡಿ. ಅವರ ವಕಾರ ನಮ್ಮಲ್ಲಿ ಬಕಾರ: ವೇರು ಬೇರಾಯಿತು, ವಿರಲ್ ಬೆರಳಾಯಿತು. ಹಾಗೆಯೇ ವೆರುಂ ನಮ್ಮ ಬರಿ. ಹಳಗನ್ನಡದಲ್ಲಿ ಇದು ಶಕಟರೇಫ ಎಂಬ ಹಳೆಯ ರಕಾರದ ‘ಬಱಿ’. ಇನ್ನು ನಡುವಿನ ಯಕಾರ ನಮ್ಮಲ್ಲಿ ಸಕಾರ: ಪೆಯರ್ ಹೆಸರು, ಉಯಿರ್ ಉಸಿರು. ಅಂದ ಮೇಲೆ ವಯರ್ ಯಾವುದು? ಬಸಿರು! ಹಳಗನ್ನಡದಲ್ಲಿ ಬಸಿರು ಅಂದರೆ ಹೊಟ್ಟೆಯೂ ಹೌದು. ಆಮೇಲೆ ಆ ಅರ್ಥದಲ್ಲಿ ಹೊಟ್ಟೆ ಪದ ಅದರ ಜಾಗ ಕಸಿದುಕೊಂಡಿತು. ಅಕ್ಷರಕ್ಕೆ ಅಕ್ಷರ ಇಳಿಸಿದರೆ ನಿಮ್ಮ ಬೋರ್ಡಿನಲ್ಲಿ ‘ಬರಿಬಸಿರಿನಲ್ಲಿ ಬನ್ನಿ’ ಅಂತ ಇರಬೇಕಿತ್ತು.

ಬದಿಯಡ್ಕದಿಂದ:
ದಯವಿಟ್ಟು ಬೇಡ. ‘ಬರಿಹೊಟ್ಟೆ’ ಸಾಕಲ್ವಾ?

ಉಪ್ಪಳದಿಂದ:
ನಾನು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ವ್ಯಾಕರಣ ಗೊತ್ತಿಲ್ಲ. ಆದರೆ ‘ಬರಿಹೊಟ್ಟೆ’ ಒಂದೇ ಸಾಕಾಗುವುದಿಲ್ಲ. ಕೆಲವರು ನೀರೂ ಕುಡಿಯದೆ ಒಣಗಿ ಬರುತ್ತಾರೆ, ನರವೇ ಸಿಗುವುದಿಲ್ಲ. ಕೆಲವರು ‘ಏನೂ ತಿನ್ನಲಿಲ್ಲ, ಚಾ ಮಾತ್ರ’ ಅನ್ನುತ್ತಾರೆ. ಅದಕ್ಕೆ ಕೆಳಗೆ ಸಣ್ಣದಾಗಿ ಬರೆಸಿ: ‘8 ಗಂಟೆ ನೀರು ಬಿಟ್ಟು ಬೇರೇನೂ ಬೇಡ’. ಊಟದ ನಂತರದ್ದಕ್ಕೆ ‘ಮೊದಲ ತುತ್ತಿನಿಂದ 2 ಗಂಟೆಗೆ’ ಅನ್ನಿ. ಕೈ ತೊಳೆದ ಮೇಲೆ ಗಂಟೆ ಲೆಕ್ಕ ಹಾಕುವವರೇ ಜಾಸ್ತಿ.

ಎಚ್‌ಬಿಎ1ಸಿಯನ್ನು ಇಲ್ಲಿ ಎಲ್ಲರೂ ‘ಮೂರು ತಿಂಗಳದ್ದು’ ಅನ್ನುತ್ತಾರೆ. ಅದೇ ಸರಿ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಅಷ್ಟು ದಿನ ಅದರ ಹಿಮೋಗ್ಲೋಬಿನ್ನಿಗೆ ಎಷ್ಟು ಸಕ್ಕರೆ ಅಂಟಿತು ಎಂದು ನೋಡುವುದು. ಟೆಸ್ಟಿನ ಹಿಂದಿನ ಎರಡು ದಿನ ಪಥ್ಯ ಮಾಡಿ ಬಂದರೆ ಇದರಲ್ಲಿ ಬಚಾವಾಗಲು ಆಗುವುದಿಲ್ಲ. ಶೇಕಡಾ 6.5 ಅಥವಾ ಮೇಲೆ ಬಂದರೆ ಕಾಯಿಲೆ ಅಂತ ಲೆಕ್ಕ. 5.7ರಿಂದ 6.4ಕ್ಕೆ ಜನ ‘ಬಾರ್ಡರು’ ಅನ್ನುತ್ತಾರೆ. ‘ಮಧುಮೇಹಪೂರ್ವ’ ಅಂತ ಬರೆಯಬೇಡಿ, ‘ಗಡಿಯಲ್ಲಿದೆ’ ಅನ್ನಿ. ಗಡಿಯಲ್ಲಿರುವುದು ನಮಗೇನು ಹೊಸತಾ?

ಚೀಟಿಯಲ್ಲಿ ‘ಶುಗರ್ ಕಡಿಮೆಯಾದರೆ’ ಅಂತ ಮಾತ್ರ ಬರೆಯಲೇಬೇಡಿ. ಒಂದು ಅಜ್ಜಿ ಬೆಳಗ್ಗೆ ಇನ್ಸುಲಿನ್ ಚುಚ್ಚಿಕೊಂಡು ಗಂಜಿ ಕುಡಿಯದೆ ಬಂದಿದ್ದರು. ಕೈ ನಡುಗುತ್ತಿತ್ತು, ಕುತ್ತಿಗೆಯಿಂದ ಬೆವರು ಇಳಿದು ರವಿಕೆ ಒದ್ದೆ. ಮೀಟರಿನಲ್ಲಿ 58. ‘ಅಜ್ಜೀ, ಶುಗರ್ ಕಡಿಮೆ ಆಗಿದೆ’ ಎಂದೆ. ‘ಅಂತೂ ಕಡಿಮೆ ಆಯಿತಲ್ಲ, ದೇವರು ದೊಡ್ಡವ’ ಎಂದು ಚೀಲ ಎತ್ತಿಕೊಂಡು ಹೊರಟರು! ಹಿಡಿದು ಕೂರಿಸಿ ಸಕ್ಕರೆ ನೀರು ಕುಡಿಸಿದೆ. ನಮ್ಮಲ್ಲಿ ಜ್ವರ ಕಡಿಮೆ ಆಯಿತು ಅಂದರೆ ಗುಣ ಆಯಿತು ಅಂತ ಅಲ್ವಾ? ತಪ್ಪು ನನ್ನದೇ. ಈಗ ‘ಶುಗರ್ ಬಿದ್ದಿದೆ’ ಅನ್ನುತ್ತೇನೆ. ಬಿದ್ದಿದೆ ಅಂದರೆ ಯಾರಿಗೂ ಖುಷಿಯಾಗುವುದಿಲ್ಲ. 70ಕ್ಕಿಂತ ಕೆಳಗಿದ್ದರೆ ಹಾಗೇ ಹೇಳಿ.

ಪೆರ್ಲದಿಂದ:
ಅಜ್ಜಿಯ ಕಥೆ ಚೆನ್ನಾಗಿದೆ. ಆದರೆ ಇಂಗ್ಲಿಷಿನ ಶುಗರ್ ಯಾಕೆ? ಸಕ್ಕರೆ ಎಂಬ ಕನ್ನಡ ಪದ ಸತ್ತಿದೆಯೇ?

ಕುಂಬಳೆಯಿಂದ:
ಸಂಸ್ಕೃತದ ಶರ್ಕರಾ ಪ್ರಾಕೃತದ ದಾರಿಯಲ್ಲಿ ಬಂದು ಸಕ್ಕರೆಯಾಯಿತು. ಪಾರಸಿ, ಅರಬ್ಬಿ, ಲ್ಯಾಟಿನ್ ಸುತ್ತಿ ಬಂದು ಶುಗರ್ ಆಯಿತು. ಒಂದೇ ಮನೆಯ ಮಕ್ಕಳು. ಮೂಲದ ಅರ್ಥ ಹರಳು, ಜಲ್ಲಿಕಲ್ಲು. ನಿಮಗೆ ಜಲ್ಲಿ ಬೇಕಿದ್ದರೆ ಹಾಕಿಕೊಳ್ಳಿ.

ನೀರ್ಚಾಲಿನಿಂದ:
ಅನ್ನಜ ಒಳ್ಳೆಯ ಪದ, ಅನ್ನದಿಂದ ಹುಟ್ಟಿದ್ದು. ಆದರೆ ಅದು ನಮ್ಮ ಪಿಷ್ಟಕ್ಕೆ, ಅಂದರೆ ಸ್ಟಾರ್ಚಿಗೆ, ಸಮ. ಕಾರ್ಬೋಹೈಡ್ರೇಟ್ ಎಲ್ಲದಕ್ಕೂ ಮಲಯಾಳದಲ್ಲಿ ಧಾನ್ಯಕ ಅನ್ನುವುದುಂಟು. ಇಂಗ್ಲಿಷ್ ಹೆಸರೂ ಅಷ್ಟೇನೂ ಸರಿಯಲ್ಲ. ಇಂಗಾಲಕ್ಕೆ ನೀರು ಸೇರಿದ್ದು ಅಂತ ಅರ್ಥ, ಒಳಗೆ ನೀರು ನೀರಾಗಿ ಇರುವುದಿಲ್ಲ.

ಉಪ್ಪಳದಿಂದ:
ಯಾವುದೂ ಬೇಡ ಸರ್. ‘ಅನ್ನ, ಗಂಜಿ, ದೋಸೆ, ಗೆಣಸು ಎಲ್ಲವೂ ಹೊಟ್ಟೆಯೊಳಗೆ ಸಕ್ಕರೆಯೇ ಆಗುತ್ತದೆ’ ಅಂತ ಬರೆಯಿರಿ. ಚಾಕ್ಕೆ ಸಕ್ಕರೆ ಬಿಟ್ಟಿದ್ದೇನೆ ಅಂತ ಹೇಳಿ ಮೂರು ಸಲ ಅನ್ನ ಬಡಿಸಿಕೊಳ್ಳುವವರಿಗೆ ಶರ್ಕರಪಿಷ್ಟ ಯಾಕೆ?

ಬದಿಯಡ್ಕದಿಂದ:
ಎಲ್ಲರಿಗೂ ಉಪಕಾರ ಆಯಿತು. ಪೈಂಟರು ಬಂದು ನಿಂತಿದ್ದಾರೆ. ಸೌಜನ್ಯ ಒರಸಿ ಆಯಿತು. ಮೊದಲು ‘ಉಚಿತ ಸಕ್ಕರೆ ಪರೀಕ್ಷೆ’ ಅಂದುಕೊಂಡಿದ್ದೆ. ಉಚಿತ ಸಕ್ಕರೆ ಅಂತ ಓದಿ ಚೀಲ ತರುತ್ತಾರೆ ಎಂದರು ಪೈಂಟರು. ಈಗ ‘ಸಕ್ಕರೆ ಕಾಯಿಲೆಗೆ ರಕ್ತ ಪರೀಕ್ಷೆ, ಉಚಿತ’. ಬರಿಹೊಟ್ಟೆ ಕೂಡಿಸಿಯಾ, ಬಿಡಿಸಿಯಾ?

ನೀರ್ಚಾಲಿನಿಂದ:
ಕೂಡಿಸಿ.

ಪೆರ್ಲದಿಂದ:
ರಕ್ತ ಬೇಡ, ನೆತ್ತರು ಬರೆಯಿರಿ.

ಬದಿಯಡ್ಕದಿಂದ:
ಬೋರ್ಡಿನಲ್ಲಿ ಜಾಗ ಇಲ್ಲ.

ಪೆರ್ಲದಿಂದ:
ಒಂದಕ್ಷರಕ್ಕೆ ಜಾಗ ಇಲ್ಲವೇ?